ಡ್ರಿಲ್ ಮಾಸ್ತರರು ತೆಳ್ಳಗಾಗಕೂಡದೆಂದು ಕೋರಿ

ಮಾನ್ಯರೇ,

ನಮ್ಮ ಬೀದಿಯ ಸಮಸ್ತ ಕಂಬಗಳ, ಕಸದ ಡಬ್ಬಿಗಳ ಹಾಗೂ ಚಕ್ರ ಕಳಚಿಕೊಂಡು ನಿಂತಲ್ಲೇ ನಿಂತಿರುವ ಹಳೆಯ ವ್ಯಾನಿನ ಏಕಮಾತ್ರ ಒಡೆಯರೂ, ಮಕ್ಕಳ ಬಾಯಲ್ಲಿ ‘ಡ್ರಿಲ್ ಮಾಸ್ತರು’ ಎಂದೂ ದೊಡ್ಡವರ ಬಾಯಲ್ಲಿ ‘ಹಚಾ’ ಎಂದೂ ಖ್ಯಾತರೂ ಆದ, ಒಂದು ಕಿವಿ ಮಡಚಿದ, ಕಂದುಬಣ್ಣದ ಬೀದಿನಾಯಿಯವರ ಸನ್ನಿಧಿಗೆ, ಇದೇ ಬೀದಿಯ ತಿರುವಿನಲ್ಲಿ ಶಾಲೆಯ ಯೂನಿಫಾರಂ ಹೊಲಿದು ಹೊಟ್ಟೆ ಹೊರೆಯುವ ಟೈಲರಮ್ಮ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು ಬಂತು, ದಿನಾ ಬೆಳಗ್ಗೆ ತಮ್ಮನ್ನು ದಾಟಿಕೊಂಡೇ ಅಂಗಡಿಯ ಬಾಗಿಲು ತೆಗೆಯಬೇಕಾದ ನಾನು ತಮ್ಮ ಕ್ಷೇಮವನ್ನು ಕಣ್ಣಾರೆ ಕಾಣುತ್ತಿದ್ದೇನೆ, ಮತ್ತು ತಮ್ಮ ಈ ಕ್ಷೇಮದ ವಿರುದ್ಧವೇ ಈ ಪತ್ರವನ್ನು ಬರೆಯುತ್ತಿದ್ದೇನೆ.

ತಾವು ತೆಳ್ಳಗಾಗುತ್ತಿದ್ದೀರಿ. ಇದೇ ನನ್ನ ದೂರು. ಮೊನ್ನೆ ಮೊನ್ನೆಯವರೆಗೆ ಹೊಸ ದಿಂಬಿನಂತಿದ್ದ ತಮಗೆ ಈಗ ಸೊಂಟವೊಂದು ಹುಟ್ಟಿದೆ. ಬಿಸಿಲಿಗೆ ಅಡ್ಡ ನಿಂತರೆ ಪಕ್ಕೆಯ ಗೆರೆಗಳು ಕಾಣುತ್ತವೆ. ನಿನ್ನೆ ನನ್ನ ಮೆಟ್ಟಿಲನ್ನು ಒಂದೇ ಹಾರಿಗೆ ಹತ್ತಿಬಿಟ್ಟಿರಿ. ಬೇರೆಯವರಾಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದರೇನೋ, ನಾನು ಮಾತ್ರ ಕೂಡಲೇ ಈ ಪತ್ರಕ್ಕೆ ಕಾಗದ ಹುಡುಕಿದೆ. ಬರುವ ಭಾನುವಾರ ಪಶುವೈದ್ಯರು ತಕ್ಕಡಿ ಹಿಡಿದು ಬರುತ್ತಾರೆ. ತಮ್ಮ ತೂಕ ಇಳಿದಿದೆ ಎಂದು ಅವರ ಬಾಯಿಂದ ಬಂದರೆ ಸಾಕು, ಅಂದು ಸಂಜೆಯೇ ಪಾರ್ಕಿನ ಗೇಟಿಗೆ ಬೀಗ ಬೀಳುತ್ತದೆ, ಮತ್ತು ಆ ಬೀಗದ ಹೊರಗೆ ನನ್ನ ಮಗಳು ನಿಲ್ಲುತ್ತಾಳೆ. ಆದ್ದರಿಂದ ದಯಮಾಡಿ ಭಾನುವಾರದೊಳಗೆ ದಪ್ಪಗಾಗಿ. ತಾವು ತಲೆ ಕೆರೆದುಕೊಳ್ಳುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ (ಚಿಗಟವೂ ಇರಬಹುದು), ಹೀಗಾಗಿ ಮೊದಲಿನಿಂದ ವಿವರಿಸಲು ಅಪ್ಪಣೆಯಾಗಬೇಕು.

ಶಾಲೆ ಇರುವುದು ನಮ್ಮ ಬೀದಿಯ ಆ ತುದಿಯಲ್ಲಿ. ಮಕ್ಕಳೆಲ್ಲ ನಡೆದೇ ಹೋಗುತ್ತಿದ್ದ ಕಾಲದಲ್ಲಿ ತಾವು ಎಂಥ ಶಿಸ್ತಿನ ಮನುಷ್ಯರಾಗಿದ್ದಿರಿ! (ಕ್ಷಮಿಸಬೇಕು, ಮನುಷ್ಯರೆಂದು ಬಾಯಿತಪ್ಪಿ ಬೈದೆ.) ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ಹಳೆಯ ವ್ಯಾನಿನ ಅಡಿಯಿಂದ ಎದ್ದು ಬಂದು, ಮೈ ಕೊಡವಿ, ಒಂದೇ ಒಂದು ಸಲ ‘ಗುರ್ರ್’ ಎಂದರೆ ಸಾಕು, ಬ್ಯಾಗು ಬಾಟಲಿಗಳ ಸಮೇತ ಇಡೀ ದಂಡು ಬೀದಿಯುದ್ದಕ್ಕೂ ದೌಡಾಯಿಸುತ್ತಿತ್ತು. ತಾವು ಯಾರನ್ನೂ ಕಚ್ಚಿದವರಲ್ಲ, ಶಾಲೆಯ ಗೇಟಿನವರೆಗೆ ಬಿಟ್ಟುಬಂದು ಮತ್ತೆ ಮಲಗುತ್ತಿದ್ದಿರಿ, ಅಷ್ಟೇ. ಆ ಶಾಲೆಯಲ್ಲಿ ಡ್ರಿಲ್ ಮಾಸ್ತರರೆಂಬವರು ಇಲ್ಲ. ಇದ್ದ ಒಬ್ಬರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಮಕ್ಕಳು ತಮಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ದಂಡಿನಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಿದ್ದವಳು ನನ್ನ ಮಗಳು. ಅವಳಿಗೆ ‘ರಾಕೆಟ್ಟು’ ಎಂದು ಹೆಸರು ಬಿದ್ದದ್ದು ತಮ್ಮ ಕೃಪೆಯಿಂದ.

ತಮ್ಮ ಕೆಲಸದ ಮಹತ್ವ ತಮಗೇ ತಿಳಿಯದಿದ್ದರೆ ನಮ್ಮ ಬೀದಿಯನ್ನೊಮ್ಮೆ ನೆಲಮಟ್ಟದಿಂದ ಅಲ್ಲ, ಮಗುವಿನ ಎತ್ತರದಿಂದ ನೋಡಬೇಕಾಗಿ ವಿನಂತಿ. ಇಲ್ಲಿ ಮಕ್ಕಳಿಗೆಂದು ಇರುವುದೆಲ್ಲ ಬಾಯಿಗೆ ಸೇರಿದ್ದು, ಕಾಲಿಗೆಂದು ಇದ್ದದ್ದು ತಾವೊಬ್ಬರೇ. ನನ್ನ ಅಂಗಡಿಯ ಪಕ್ಕ ಬೇಕರಿ, ಅದರ ಎದುರಿಗೆ ಬೇಕರಿಯಣ್ಣನ ತಮ್ಮನ ಬೇಕರಿ, ಅದಾದ ಮೇಲೆ ಚಿಪ್ಸ್ ಪೊಟ್ಟಣಗಳನ್ನು ತೋರಣದಂತೆ ತೂಗುಹಾಕಿರುವ ಅಂಗಡಿ, ಕೂಲ್‌ಡ್ರಿಂಕ್ಸ್ ಪೆಟ್ಟಿಗೆಯ ಹಿಂದೆ ಮಾಲೀಕನೇ ಕಾಣದ ಇನ್ನೊಂದು ಅಂಗಡಿ, ಕೊನೆಗೆ ಔಷಧಿ ಅಂಗಡಿ, ಅಲ್ಲಿಯೂ ಜ್ವರದ ಮಾತ್ರೆ ಒಳಗಿನ ಬೀರುವಿನಲ್ಲಿ, ಚಾಕಲೇಟು ಕೌಂಟರಿನ ಮೇಲೆ. ಬೇಕರಿಯಣ್ಣನಂತೂ ‘ಮಕ್ಕಳು ಅಂದ್ರೆ ನನಗೆ ಪ್ರಾಣ’ ಎನ್ನುತ್ತ ಕ್ರೀಂ ಬನ್ನಿನ ತಟ್ಟೆಯನ್ನು ಯುಕೆಜಿಯವರ ಕೈಗೂ ಎಟುಕುವಷ್ಟು ಕೆಳಗೆ ಇಟ್ಟಿದ್ದಾರೆ. ತರಕಾರಿಯ ಗಾಡಿಯೊಂದು ಬರುತ್ತಿತ್ತು, ಅದು ಸಂಚಾರಕ್ಕೆ ಅಡ್ಡಿ ಎಂದು ನಮ್ಮ ಬೀದಿಯ ಹಿತರಕ್ಷಣಾ ಸಂಘ ಓಡಿಸಿತು; ಆ ಜಾಗದಲ್ಲಿ ಈಗ ಕಾರುಗಳು ನಿಂತಿವೆ, ಅವು ಸಂಚಾರಕ್ಕೆ ಅಡ್ಡಿಯಲ್ಲವಂತೆ, ಏಕೆಂದರೆ ಅವು ಸಂಚರಿಸುವುದೇ ಇಲ್ಲ. ಫುಟ್‌ಪಾತಿನ ಮೇಲೆ ಮೋಟಾರುಬೈಕುಗಳು ಸಾಲಾಗಿ ಸುಖವಾಗಿವೆ. ಮನೆಯೊಳಗೇ ಕುಣಿಯೋಣವೆಂದರೆ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಾರೆ, ತಾರಸಿಗೆ ಹೋಗೋಣವೆಂದರೆ ನೀರಿನ ಟ್ಯಾಂಕಿಗೆ ಭಯವಾಗುತ್ತದೆಂದು ಬೀಗ.

ಉಳಿದದ್ದು ಪಾರ್ಕು. ಅದಕ್ಕೆ ಅತ್ಯುತ್ತಮ ಹುಲ್ಲುಹಾಸಿನ ಬಹುಮಾನ ಬಂದಿದೆ. ಬರದೆ ಏನು, ಒಬ್ಬರಾದರೂ ತುಳಿದಿದ್ದರೆ ತಾನೇ! ‘ಆಡಬಾರದು, ಓಡಬಾರದು, ಚೆಂಡು ತರಬಾರದು’ ಎಂಬ ಹಲಗೆ ಗೇಟಿನ ಹೊರಗೆ, ಗೇಟಿನ ಬೀಗದ ಕೈ ಸಂಘದ ಅಧ್ಯಕ್ಷರ ಜೇಬಿನೊಳಗೆ. ಒಳಗಿರುವ ಜಾರುಬಂಡೆಗೆ ಹೊಸದರಲ್ಲಿ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿಲ್ಲ. ಇಂಥ ಬೀದಿಯಲ್ಲಿ ದಿನಕ್ಕೊಂದು ಸಲವಾದರೂ ನಮ್ಮ ಮಕ್ಕಳ ರಕ್ತ ಕಾಲಿನವರೆಗೆ ಹರಿಯುವಂತೆ ಮಾಡುತ್ತಿದ್ದ ತಮ್ಮನ್ನು ಹೊಗಳಲು ನನಗೆ ಮಾತು ಸಾಲದು.

ಆದರೆ ತಾವು ಬೆನ್ನ ಹಿಂದೆ ಇರುವಾಗ ಬೇಕರಿಯ ಮುಂದೆ ನಿಲ್ಲುವ ಧೈರ್ಯ ಯಾವ ಮಗುವಿಗೆ ಇದ್ದೀತು? ಬೇಕರಿಯಣ್ಣನಿಗೆ ಇದು ತಡೆಯಲಾಗಲಿಲ್ಲ. ಸಂಘದ ಸಭೆಯಲ್ಲಿ ಎದ್ದು ನಿಂತು, ‘ನಾಯಿ ಮಕ್ಕಳನ್ನ ಅಟ್ಟಿಸ್ಕೊಂಡು ಹೋಗುತ್ತೆ ಅಂದ್ರೆ ಅದಕ್ಕೆ ಪ್ರೀತಿ ಸಿಕ್ಕಿಲ್ಲ ಅಂತ ಅರ್ಥ; ಪ್ರೀತಿ ಕೊಡೋಣ, ಬನ್ನು ನಾನು ಕೊಡ್ತೀನಿ’ ಎಂದರು. ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು. ಮನೆಗೊಂದು ಪಾಳಿ ಎಂದು ತೀರ್ಮಾನವಾಯಿತಾದರೂ ಯಾವ ದಿನ ಯಾರ ಪಾಳಿ ಎಂದು ಕೇಳುವುದನ್ನು ಎಲ್ಲರೂ ಮರೆತರು, ಮತ್ತು ಪಕ್ಕದ ಮನೆಯವರಂತೂ ಖಂಡಿತ ಹಾಕುವುದಿಲ್ಲ, ಅವರ ಬುದ್ಧಿ ಗೊತ್ತಿಲ್ಲವೇ ಎಂದುಕೊಂಡು ಪ್ರತಿಯೊಂದು ಮನೆಯವರೂ ಪ್ರತಿಯೊಂದು ದಿನವೂ ತಮಗೆ ಹಾಕಿದರು. ಒಬ್ಬರ ಮೇಲೊಬ್ಬರಿಗೆ ಇದ್ದ ಈ ಅಪನಂಬಿಕೆಯನ್ನೆಲ್ಲ ತಾವೊಬ್ಬರೇ ತಿಂದು ಅರಗಿಸಿಕೊಂಡಿರಿ. ಕೆಲವೇ ವಾರಗಳಲ್ಲಿ ‘ಗುರ್ರ್’ ಎನ್ನಲು ಬಾಯಿ ತೆರೆದರೆ ತೇಗು ಬರತೊಡಗಿತು. ಮಕ್ಕಳು ತಮ್ಮನ್ನು ದಾಟಿಕೊಂಡು, ಬೇಕರಿಯಲ್ಲಿ ನಿಂತು, ಒಂದು ಬನ್ನನ್ನು ತಮಗೂ ತಂತಮ್ಮ ಹೊಟ್ಟೆಗೂ ಪಾಲು ಮಾಡಿ, ನಿಧಾನವಾಗಿ ಶಾಲೆಗೆ ಹೋಗುವುದನ್ನು ಕಲಿತರು.

ನಿಧಾನವಾದ್ದರಿಂದ ತಡವಾಯಿತು, ತಡವಾದ್ದರಿಂದ ಮುಖ್ಯೋಪಾಧ್ಯಾಯಿನಿಯವರು ರೇಗಿದರು, ರೇಗಿದ್ದರಿಂದ ಶಾಲೆಯ ವ್ಯಾನುಗಳು ಬಂದವು. ವ್ಯಾನು ನಿಲ್ಲಲು ಜಾಗ ಬೇಕಲ್ಲ, ಶಾಲೆಯ ಮೈದಾನ ಹೋಯಿತು. ಬೀದಿಯ ತುಂಬ ವ್ಯಾನುಗಳಾದ್ದರಿಂದ ನಡೆದುಹೋಗುವ ಮಕ್ಕಳಿಗೆ ಅಪಾಯ, ಅಪಾಯವಾದ್ದರಿಂದ ಅವರಿಗೂ ವ್ಯಾನು. ಒಂದು ಬೆಳಗ್ಗೆ ವ್ಯಾನಿನ ಕನ್ನಡಿ ನನ್ನ ಮಗಳ ಬ್ಯಾಗಿಗೆ ತಗುಲಿ ಅವಳು ಬುಗುರಿಯ ಹಾಗೆ ಗಿರ್ರನೆ ತಿರುಗಿ ಕೂತುಬಿಟ್ಟಳು, ಮಾರನೆಯ ದಿನದಿಂದ ಅವಳೂ ಅದೇ ವ್ಯಾನಿನೊಳಗೆ. ನಮ್ಮ ಬೀದಿ ಈಗ ಒಮ್ಮುಖ ಸಂಚಾರದ್ದಾದ್ದರಿಂದ ಆ ವ್ಯಾನು ನನ್ನ ಅಂಗಡಿಯ ಮುಂದೆ ಅವಳನ್ನು ಹತ್ತಿಸಿಕೊಂಡು, ಊರನ್ನೆಲ್ಲ ಒಂದು ಸುತ್ತು ಹಾಕಿ, ನನ್ನ ಅಂಗಡಿಯ ಬಾಗಿಲಿನಿಂದ ಕಾಣುವ ಶಾಲೆಯ ಗೇಟಿನಲ್ಲಿ ಇಳಿಸುತ್ತದೆ. ಅಷ್ಟರಲ್ಲಿ ನಾನು ಒಂದು ಅಂಗಿಯ ಗುಂಡಿಗಳಿಗೆಲ್ಲ ಕಾಜಾ ಹಾಕಿ ಮುಗಿಸಿರುತ್ತೇನೆ.

ಇದರ ಫಲವನ್ನು ಮೊದಲು ಕಂಡದ್ದು ನಾನಲ್ಲ, ನನ್ನ ಎಲಾಸ್ಟಿಕ್ಕಿನ ಉಂಡೆ. ಹುಕ್ಕುಗಳೆಲ್ಲ ಡಬ್ಬಿಯಲ್ಲಿ ತುಕ್ಕು ಹಿಡಿಯತೊಡಗಿದವು, ಚಡ್ಡಿ ಸ್ಕರ್ಟುಗಳಿಗೆಲ್ಲ ಎಲಾಸ್ಟಿಕ್ಕೇ ಆಯಿತು. ತಾಯಂದಿರು ಒಬ್ಬೊಬ್ಬರಾಗಿ ಬಂದು, ‘ಏನ್ರೀ ಟೈಲರಮ್ಮ, ಒಂದು ಸಲ ನೀರಿಗೆ ಹಾಕಿದ್ದಕ್ಕೇ ನಿಮ್ಮ ಬಟ್ಟೆ ಇಷ್ಟು ಕುಗ್ಗೋದಾ?’ ಎಂದು ಜಗಳ ತೆಗೆದರು. ಹೊಟ್ಟೆ ಹಿಗ್ಗಿದೆ ಎನ್ನಲು ನನಗೆ ಬಾಯಿ ಬರಲಿಲ್ಲ, ಗಿರಾಕಿಗಳಲ್ಲವೇ! ವಿಷಯ ಸಂಘಕ್ಕೆ ಹೋಯಿತು. ಬಟ್ಟೆಯಂಗಡಿಯವರನ್ನು ಕರೆಸಿ, ಸಭೆಯ ಎದುರಿಗೇ ಬಕೆಟ್ಟಿನಲ್ಲಿ ಬಟ್ಟೆ ನೆನೆಸಿ, ಒಣಗಿಸಿ, ಅಳೆದು ನೋಡಿದರೆ ಅದು ಒಂದು ಎಳೆಯಷ್ಟೂ ಕುಗ್ಗಿರಲಿಲ್ಲ. ಹಾಗಿದ್ದರೆ ನನ್ನ ಟೇಪೇ ಹಳೆಯದಾಗಿ ಕೆಟ್ಟಿದೆ ಎಂದು ಸಭೆ ಒಮ್ಮತದಿಂದ ತೀರ್ಮಾನಿಸಿ ನನಗೊಂದು ಹೊಸ ಟೇಪು ಕೊಡಿಸಿತು. ಹೊಸದಕ್ಕೆ ಪಾಪ ಬೀದಿಯ ಮರ್ಯಾದೆ ಕಾಯುವುದು ಗೊತ್ತಿರಲಿಲ್ಲ, ಹಳೆಯದು ಹೇಳಿದ್ದನ್ನೇ ಹೇಳಿತು. ಹೊಲಿಗೆಯಂತ್ರಕ್ಕೆ ಎಣ್ಣೆ ಹಾಕಿಸಿ ನೋಡುವುದೆಂದು ಆಮೇಲೆ ತೀರ್ಮಾನವಾಯಿತು.

ಇಷ್ಟೆಲ್ಲ ತಮಾಷೆಯಾಗಿ ಬರೆಯುತ್ತಿದ್ದೇನೆ, ಆದರೆ ಒಂದು ಸಂಜೆ ನನ್ನ ಮಗಳು ಅಂಗಡಿಗೆ ಬಂದು, ಗಿರಾಕಿಗಳು ಹೋಗುವವರೆಗೆ ಇಸ್ತ್ರಿಪೆಟ್ಟಿಗೆಯ ಮೇಜಿನ ಹಿಂದೆ ನಿಂತಿದ್ದು, ‘ಅಮ್ಮಾ, ನನ್ನ ಸ್ಕರ್ಟ್ ಬಿಚ್ಚಿ ದೊಡ್ಡದು ಮಾಡ್ತೀಯಾ? ಯಾರಿಗೂ ಹೇಳ್ಬೇಡ’ ಎಂದಳು. ಊರ ಮಕ್ಕಳಿಗೆಲ್ಲ ಹೊಲಿದ ಕೈಯಿಂದ ಅಂದು ರಾತ್ರಿ ಬಾಗಿಲು ಹಾಕಿಕೊಂಡು ಅವಳ ಸ್ಕರ್ಟಿನ ಹೊಲಿಗೆ ಬಿಚ್ಚಿದೆ. ನಮ್ಮ ಮನೆಗೆ ಮೆಟ್ಟಿಲು ಹತ್ತುವಾಗ ನಡುವೆ ಕೂತುಕೊಳ್ಳತೊಡಗಿದಳು, ಕೇಳಿದರೆ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೇನೆ ಎನ್ನುತ್ತಿದ್ದಳು. ಬಾಡಿಗೆಯ ಮೈದಾನದಲ್ಲಿ ನಡೆದ ಶಾಲೆಯ ಕ್ರೀಡಾದಿನಕ್ಕೆ ಅವಳನ್ನು ಓಟದಿಂದ ತೆಗೆದು ಬಾವುಟ ಹಿಡಿದು ನಿಲ್ಲುವ ಗುಂಪಿಗೆ ಹಾಕಿದರು. ಅಂದು ಅವಳು ಬಾವುಟವನ್ನು ಬಹಳ ಚೆನ್ನಾಗಿ ಹಿಡಿದಳು, ಮನೆಗೆ ಬಂದು ಊಟ ಬೇಡವೆಂದು ಗೋಡೆಯ ಕಡೆಗೆ ತಿರುಗಿ ಮಲಗಿದಳು. ನಮ್ಮತ್ತೆ, ‘ಮಗು ಮೈಕೈ ತುಂಬ್ಕೊಂಡಿದೆ, ನೀನೇ ಕಣ್ಣು ಹಾಕ್ಬೇಡ’ ಎಂದು ನನ್ನನ್ನೇ ಬೈದರು. ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ‘ಓಡಾಡಿಸಿ, ಚೆನ್ನಾಗಿ ಓಡಿಸಿ’ ಎಂದರು. ‘ಎಲ್ಲಿ ಓಡಿಸ್ಲಿ ಡಾಕ್ಟ್ರೇ?’ ಎಂದು ಕೇಳಿದ್ದಕ್ಕೆ ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಅದು ನಮ್ಮ ವಿಭಾಗಕ್ಕೆ ಬರಲ್ಲಮ್ಮ’ ಎಂದರು. ಅವರು ಮಗುವಿಗೆ ಪ್ರೀತಿಯಿಂದ ಒಂದು ಲಾಲಿಪಾಪನ್ನೂ ಕೊಟ್ಟರು. ಬೈಕು ಎಬ್ಬಿಸಿ, ವಾಹನ ತಡೆಯಿರಿ, ಪಾರ್ಕಿನ ಗೇಟನ್ನಾದರೂ ತೆಗೆಯಿರಿ ಎಂದು ನಾನು ಅಧ್ಯಕ್ಷರ ಮನೆಗೆ ಎಡತಾಕಿ ಎಡತಾಕಿ ಚಪ್ಪಲಿ ಸವೆಸಿದ್ದಕ್ಕೆ ಇಷ್ಟೇ ಲಾಭ: ನನ್ನ ತೂಕ ಇಳಿಯಿತು.

ಇಷ್ಟರಲ್ಲಿ ತಮ್ಮ ಅದೃಷ್ಟ ಖುಲಾಯಿಸಿತು. ಬೀದಿನಾಯಿಗಳಿಗೆ ಚುಚ್ಚುಮದ್ದು ಹಾಕುವ ಗಾಡಿಯಲ್ಲಿ ಬಂದ ಪಶುವೈದ್ಯರು ತಮ್ಮನ್ನು ತಕ್ಕಡಿಗೆ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು, ‘ಅಯ್ಯೋ, ಇದೇನ್ರೀ ಇದು, ನಾಯಿನೋ ಹಾಸಿಗೆ ಸುರುಳಿನೋ? ಹೀಗೇ ಬಿಟ್ರೆ ಈ ಪ್ರಾಣಿ ಉಳಿಯಲ್ಲ. ನಿಮ್ಮ ಬೀದೀಲಿ ಇದಕ್ಕೆ ಓಡಾಡೋಕೆ ಜಾಗನೇ ಇಲ್ವಾ?’ ಎಂದು ಗದರಿದರು. ನಮ್ಮ ಬೀದಿ ನಾಚಿಕೆಯಿಂದ ನೆಲಕ್ಕಿಳಿಯಿತು. ಅಂದೇ ತುರ್ತು ಸಭೆ. ಮೂಕಪ್ರಾಣಿಯ ಗತಿ ಏನು ಎಂದು ಅಧ್ಯಕ್ಷರು ಮೇಜು ಕುಟ್ಟಿದರು. ನಾನು ಮಗಳಿಗಾಗಿ ಬೇಡಿದ್ದೆಲ್ಲ ಆ ಒಂದೇ ಸಂಜೆಯಲ್ಲಿ, ಒಂದೂ ಬಿಡದೆ, ತಮಗೆ ಮಂಜೂರಾಯಿತು. ತಮ್ಮ ವಾಯುಸಂಚಾರಕ್ಕೆ ತೊಡಕಾಗದಂತೆ ಫುಟ್‌ಪಾತಿನ ಬೈಕುಗಳು ಎದ್ದವು. ತಮ್ಮ ಸಂಚಾರದ ಹೊತ್ತಿನಲ್ಲಿ ವಾಹನಗಳು ಬರದಂತೆ ಬೀದಿಗೆ ಅಡ್ಡಗಂಬ ಬಿತ್ತು. ತಮಗೆ ಗಜ್ಜರಿ ಬೇಯಿಸಿ ಹಾಕಬೇಕೆಂದು ತರಕಾರಿಯ ಗಾಡಿಯನ್ನು ಮರ್ಯಾದೆಯಿಂದ ವಾಪಸು ಕರೆಸಿದರು. ‘ನಾಯಿಗೆ ಬನ್ನು ಹಾಕಬೇಡಿ, ಅದರ ಆರೋಗ್ಯ ನಮ್ಮೆಲ್ಲರ ಹೊಣೆ’ ಎಂಬ ಹಲಗೆ ಬೇಕರಿಯ ಎದುರೇ ಬಂತು, ಅದನ್ನು ಓದುತ್ತ ಮಕ್ಕಳು ಬನ್ನು ತಿಂದರು. ಎಲ್ಲಕ್ಕಿಂತ ದೊಡ್ಡದಾಗಿ, ತಮ್ಮ ತೂಕ ಇಳಿಯುವವರೆಗೆ ಮಾತ್ರ ಪಾರ್ಕಿನ ಗೇಟನ್ನು ತಮಗೂ ತಮ್ಮ ಹಗ್ಗ ಹಿಡಿದು ಬರುವವರಿಗೂ ಸಂಜೆಯ ಹೊತ್ತು ತೆರೆಯತಕ್ಕದ್ದೆಂದು ಠರಾವಾಯಿತು.

ಆ ಹಗ್ಗ ಎಷ್ಟುದ್ದ ಇರಬೇಕೆಂದು ಹೇಳುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಟೈಲರಮ್ಮನಿಗೆ ಹೊಳೆಯಿತು. ವರ್ಷಗಳಿಂದ ಗೋಣಿಚೀಲದಲ್ಲಿ ತುಂಬಿಟ್ಟಿದ್ದ ಯೂನಿಫಾರಂ ತುಂಡುಗಳನ್ನೆಲ್ಲ ಸುರಿದು, ಒಂದಕ್ಕೊಂದು ಜೋಡಿಸಿ, ಎರಡು ಪದರ ಹೊಲಿಗೆ ಹಾಕಿ, ಕೈ ತೂರಿಸಲು ಅಲ್ಲಲ್ಲಿ ಹಿಡಿಕೆ ಇಟ್ಟು, ತಮ್ಮ ಕೊರಳಿನಿಂದ ಹೊರಟು ಬೀದಿಯ ಅರ್ಧದವರೆಗೆ ಬರುವ ಒಂದು ಹಗ್ಗವನ್ನು ನಾನು ಹೊಲಿದುಕೊಟ್ಟೆ. ಒಂದೊಂದು ಹಿಡಿಕೆಗೂ ಒಂದೊಂದು ಮಗು. ಪಾರ್ಕಿನ ಕಾವಲುಗಾರ ತಾತ ಗೇಟಿನಲ್ಲಿ ಬಾಯಿ ಬಿಟ್ಟುಕೊಂಡು ನಿಂತು, ‘ಏನವ್ವಾ ಇದು ದಿಬ್ಬಣ?’ ಎಂದರು. ‘ಎಲ್ಲಾರೂ ನಾಯಿ ಹಗ್ಗ ಹಿಡಿದವರೇ ತಾತ, ಬೇಕಾದ್ರೆ ಮುಟ್ಟಿ ನೋಡಿ’ ಎಂದೆ. ತಾತ ಹಗ್ಗದ ಉದ್ದಕ್ಕೂ ನಡೆದು, ಪ್ರತಿ ಮಗುವಿನ ಮುಷ್ಟಿಯನ್ನೂ ಪರೀಕ್ಷಿಸಿ, ಹಗ್ಗದ ತುದಿಯಲ್ಲಿದ್ದ ಪುಟ್ಟಿಯ ಕೆನ್ನೆ ಹಿಂಡಿ, ಒಳಗೆ ಬಿಟ್ಟರು. ಆದರೆ ಒಂದು ಷರತ್ತು ಹಾಕಿದರು: ನಾಯಿ ನಡೆದರೆ ನಡೆಯಬೇಕು, ನಾಯಿ ನಿಂತರೆ ನಿಲ್ಲಬೇಕು, ಕೈ ಬಿಟ್ಟವರು ಹೊರಗೆ.

ಒಳಗೆ ಹೋದವರೇ ತಾವು ಮಲಗಿಬಿಟ್ಟಿರಿ. ನೆನಪಿದೆಯೇ ಸ್ವಾಮಿ? ಬಹುಮಾನ ಬಂದ ಹುಲ್ಲಿನ ಮೇಲೆ, ನಾಲ್ಕೂ ಕಾಲು ಚಾಚಿ, ಗೊರಕೆ ಹೊಡೆಯುತ್ತ! ನಮ್ಮ ಬೀದಿಯ ಸಮಸ್ತ ಬಾಲ್ಯವು ಒಂದು ಹಗ್ಗ ಹಿಡಿದು ತಮ್ಮ ಗೊರಕೆ ಮುಗಿಯುವುದನ್ನು ಕಾಯುತ್ತ ನಿಂತಿತು. ನಾನು ಹೊರಗೆ ಗೇಟು ಹಿಡಿದುಕೊಂಡು, ನನ್ನ ಜನ್ಮದಲ್ಲಿ ಕಲಿತ ಬೈಗುಳವನ್ನೆಲ್ಲ ಗೌರವವಾಚಕದಲ್ಲಿ ತಮ್ಮ ಮೇಲೆ ಪ್ರಯೋಗಿಸಿದೆ. ಮಾರನೆಯ ದಿನವೂ ಅದೇ ಕಥೆ. ಅದರಾಚೆಯ ಸಂಜೆ, ಎಲ್ಲಿಂದ ಬಂದಿತೋ ಆ ಪುಣ್ಯಾತ್ಮ ಅಳಿಲು, ಜಾರುಬಂಡೆಯಿಂದ ಇಳಿದು ತಮ್ಮ ಮೂಗಿನ ತುದಿಯಲ್ಲೇ ಕೂತು ಬಾಲ ಕುಣಿಸಿತು. ತಾವು ಒಂದು ಕಣ್ಣು ತೆರೆದಿರಿ. ಆಮೇಲೆ ಇನ್ನೊಂದು. ಆಮೇಲೆ ಏನಾಯಿತೆಂದು ತಮಗೇ ಗೊತ್ತಾಗುವ ಮುಂಚೆ ತಾವು ಓಡುತ್ತಿದ್ದಿರಿ, ತಮ್ಮ ಹಿಂದೆ ಹಗ್ಗ ಓಡುತ್ತಿತ್ತು, ಹಗ್ಗದ ಹಿಂದೆ ಬೀದಿಯ ಮಕ್ಕಳೆಲ್ಲ ಕಿರುಚಿಕೊಂಡು, ನಗುತ್ತ, ಮರ ಸುತ್ತಿ, ಬೆಂಚು ಸುತ್ತಿ, ಜಾರುಬಂಡೆಯ ಪ್ಲಾಸ್ಟಿಕ್ ಹರಿದುಕೊಂಡು ಓಡುತ್ತಿದ್ದರು. ಮೊದಲ ಹಿಡಿಕೆಯಲ್ಲಿ ನನ್ನ ಮಗಳಿದ್ದಳು. ಕಾವಲುಗಾರ ತಾತ ಷರತ್ತಿನ ಪ್ರಕಾರ ಸರಿಯಾಗಿಯೇ ಇದೆ ಎಂದು ಬೇರೆ ಕಡೆಗೆ ತಿರುಗಿಕೊಂಡು ಬೀಡಿ ಹಚ್ಚಿದರು.

ಅಂದು ಅವಳು ಮನೆಗೆ ಬಂದಾಗ ಮುಖ ಕೆಂಪಗೆ, ಕೂದಲು ಕೆದರಿ, ಉಸಿರು ಮೇಲೆ ಕೆಳಗೆ. ನಾನು ಗಾಬರಿಯಿಂದ ಎದ್ದೆ. ಅವಳು ನನ್ನ ಕೈ ಎಳೆದು ಎದೆಯ ಮೇಲೆ ಇಟ್ಟುಕೊಂಡು, ‘ಅಮ್ಮಾ, ನೋಡು ಹೆಂಗೆ ಡಬಡಬ ಅಂತಿದೆ! ನಾನು ಬಿಡ್ಲೇ ಇಲ್ಲ ಗೊತ್ತಾ, ಕೊನೇವರೆಗೂ ಮುಂದೇನೇ ಇದ್ದೆ’ ಎಂದಳು. ಅದೇ ಉಸಿರು, ಅದೇ ಎದೆ, ಮೆಟ್ಟಿಲ ಮೇಲೆ ಕೂತು ಮುಚ್ಚಿಡುತ್ತಿದ್ದುದನ್ನು ಅಂದು ಕರೆದು ತೋರಿಸಿದಳು. ನಾನು ಒಳಗೆ ಹೋಗಿ ದಾರದ ಬಾಬಿನ್ ಹುಡುಕುವ ನೆವದಲ್ಲಿ ಅತ್ತುಬಿಟ್ಟೆ. ಅಂದಿನಿಂದ ಪ್ರತಿ ಸಂಜೆ ಇದೇ. ಸ್ಕರ್ಟಿನ ಮಾತು ಅವಳು ಮತ್ತೆ ಎತ್ತಿಲ್ಲ, ಅದು ಸಡಿಲವಾಯಿತೋ ಇಲ್ಲವೋ ನಾನೂ ಅಳೆದು ನೋಡಿಲ್ಲ, ನನಗೆ ಆ ಡಬಡಬ ಸಾಕು. ಈಗ ಅವಳು ಮೆಟ್ಟಿಲನ್ನು ಹಾಡಿಕೊಂಡು ಹತ್ತುತ್ತಾಳೆ, ರಾಗ ಮಾತ್ರ ಕೇಳುವಂತಿಲ್ಲ.

ಇಷ್ಟಾದ ಮೇಲೆ ತಾವು ಮಾಡಿದ್ದೇನು? ಓಡಿ ಓಡಿ, ಗಜ್ಜರಿ ತಿಂದು, ಸೊಂಟ ಬರಿಸಿಕೊಂಡಿರಿ! ನಿನ್ನೆ ಅಧ್ಯಕ್ಷರು ನನ್ನ ಅಂಗಡಿಗೆ ಬಂದು, ಮೆಟ್ಟಿಲ ಮೇಲೆ ಮಲಗಿದ್ದ ತಮ್ಮ ಬೆನ್ನು ಸವರಿ, ‘ನಮ್ಮ ಸಂಘದ ಸಾಧನೆ ನೋಡಿ ಟೈಲರಮ್ಮ, ಭಾನುವಾರ ಡಾಕ್ಟ್ರು ಸರ್ಟಿಫಿಕೇಟು ಕೊಟ್ರೆ ಮುಗೀತು. ಗೇಟು ಹಾಕಿ ಹುಲ್ಲಿಗೆ ಸ್ವಲ್ಪ ರೆಸ್ಟು ಕೊಡ್ಬೇಕು, ಪಾಪ ತುಂಬಾ ಸುಸ್ತಾಗಿದೆ’ ಎಂದು ಹೇಳಿ ಹೋದರು. ಬೈಕುಗಳೂ ಅಡ್ಡಗಂಬದ ಆಚೆ ಸಾಲಾಗಿ ಕಾಯುತ್ತಿವೆ. ಮಕ್ಕಳಿಗೆ ಇನ್ನೂ ವಿಷಯ ತಿಳಿದಿಲ್ಲ, ಮಗಳಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಆದಕಾರಣ ಮಾನ್ಯರಲ್ಲಿ ನನ್ನ ವಿನಂತಿ ಇಷ್ಟೇ: ತಾವು ಬಾಣದಂತೆ ಓಡಬೇಕು, ಆದರೆ ದಿಂಬಿನಂತೆ ಇರಬೇಕು. ಇದು ಪ್ರಕೃತಿಗೆ ವಿರುದ್ಧವೆಂದು ದಯಮಾಡಿ ನೆಪ ಹೇಳಬೇಡಿ, ಕಾಲಿಡಲು ಜಾಗ ಕೊಡದೆ ಓಡಿ ಎಂದು ನಮ್ಮ ಮಕ್ಕಳಿಗೆ ಹೇಳಿದಾಗ ಅವರೇನು ಪ್ರಕೃತಿಯ ನೆಪ ಹೇಳಿದರೆ? ಭಾನುವಾರ ತಕ್ಕಡಿ ಹತ್ತುವ ಮುಂಚೆ ಒಂದು ಬಕೆಟ್ ನೀರು ಕುಡಿಯಿರಿ, ಬಕೆಟ್ ನಾನು ಇಡುತ್ತೇನೆ. ಹತ್ತಿದ ಮೇಲೆ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಹೊರಕ್ಕೆ ತಳ್ಳಿ. ಪಶುವೈದ್ಯರು ಬಾಲ ನೋಡುವಾಗ ಅದನ್ನೂ ಸಾಧ್ಯವಾದಷ್ಟು ಭಾರವಾಗಿ ಅಲ್ಲಾಡಿಸಿ. ಇದ್ಯಾವುದೂ ಆಗದಿದ್ದರೆ, ಒಳಗೆ ಹತ್ತಿ ತುಂಬಿ, ತಮ್ಮ ಮೈಬಣ್ಣದ್ದೇ ಬಟ್ಟೆಯಲ್ಲಿ, ಹೊಲಿಗೆ ಒಂದಿಷ್ಟೂ ಕಾಣದ ಹಾಗೆ ತಮಗೊಂದು ಹೊಟ್ಟೆಯನ್ನು ನಾನೇ ಹೊಲಿದುಕೊಡುತ್ತೇನೆ. ಇಷ್ಟು ದಿನ ಊರಿನವರ ಹೊಟ್ಟೆ ಮರೆಮಾಚುವ ಹೊಲಿಗೆ ಹಾಕಿದವಳಿಗೆ ಒಂದು ಹೊಟ್ಟೆ ಮಾಡುವುದು ಎಷ್ಟರ ಕೆಲಸ! ಹತ್ತಿಯ ತೂಕ ಸಾಲದೆಂದು ತಾವು ಸೂಕ್ಷ್ಮವಾಗಿ ಗಮನಿಸಿರಬಹುದು. ಹತ್ತಿಯ ನಡುವೆ ನನ್ನ ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಇಡುತ್ತೇನೆ, ತಣ್ಣಗಾದ ಮೇಲೆಯೇ. ತಕ್ಕಡಿಯ ಮೇಲೆ ಒಂದು ಗಳಿಗೆ ಹೊತ್ತುಕೊಂಡರೆ ಸಾಕು, ಒಂದು ಮಗುವಿನ ಎದೆಬಡಿತದ ಪ್ರಶ್ನೆ.

ತಾವು ನಿರಾಕರಿಸಿದರೆ ನಾನು ತಮ್ಮನ್ನು ಬೈಯುವುದಿಲ್ಲ. ತಾವು ನಾಯಿ, ನಾಯಿ ಓಡಿದರೆ ತೆಳ್ಳಗಾಗುತ್ತದೆ, ಕೂಡಿಹಾಕಿ ತಿನ್ನಿಸಿದರೆ ದಪ್ಪಗಾಗುತ್ತದೆ, ಇದು ತಮ್ಮನ್ನು ನೋಡಿದ ಒಂದೇ ಗಳಿಗೆಯಲ್ಲಿ ಇಡೀ ಬೀದಿಗೆ ಅರ್ಥವಾಯಿತು. ಅದೇ ಮಾತು ಮಕ್ಕಳಿಗೂ ಅನ್ವಯಿಸಬಹುದೇ ಎಂಬ ಅನುಮಾನ ಮಾತ್ರ ಇನ್ನೂ ಯಾರಿಗೂ ಬಂದಿಲ್ಲ, ಅವರು ಟಿವಿ ನೋಡುವುದರಿಂದ ದಪ್ಪಗಾಗಿದ್ದಾರೆ ಎಂದೇ ಎಲ್ಲರ ನಂಬಿಕೆ. ಟಿವಿಯ ಎದುರಿನಿಂದ ಎದ್ದು ಎಲ್ಲಿಗೆ ಹೋಗಬೇಕೆಂದು ತಮಗೇನಾದರೂ ತಿಳಿದಿದ್ದರೆ ಒಂದು ಸಲ ಬೊಗಳಿ ತಿಳಿಸಬೇಕಾಗಿ ಪ್ರಾರ್ಥನೆ.

ಇಂತಿ, ತಮ್ಮ ವಿಶ್ವಾಸಿಯೂ, ತಮ್ಮ ಮೆಟ್ಟಿಲಿನ ಮೇಲೆ ತಮ್ಮ ಅಪ್ಪಣೆಯಿಂದ ಅಂಗಡಿ ನಡೆಸುತ್ತಿರುವವಳೂ, ರಾಕೆಟ್ಟಿನ ತಾಯಿಯೂ ಆದ

ಟೈಲರಮ್ಮ

ಪ್ರತಿಗಳು: ಒಂದು ಅಳಿಲಿನವರಿಗೆ, ಹೃತ್ಪೂರ್ವಕ ಕೃತಜ್ಞತೆಯೊಂದಿಗೆ, ಒಂದು ಹುಲ್ಲಿನವರಿಗೆ, ವಿಶ್ರಾಂತಿಯಲ್ಲಿ ಓದಿಕೊಳ್ಳಲು, ಒಂದು ಅಧ್ಯಕ್ಷರ ಬಾಗಿಲಿಗೆ ಅಂಟಿಸಲು.

ಮತ್ತೊಂದು ಮಾತು: ತಮ್ಮ ತೂಕ ಇಳಿದೇ ಇಳಿದು ಭಾನುವಾರ ಗೇಟು ಮುಚ್ಚಿದರೆ ಅಧ್ಯಕ್ಷರು ಗಾಬರಿಯಾಗಬಾರದು, ನಾನು ಗಲಾಟೆ ಮಾಡುವುದಿಲ್ಲ. ಸೋಮವಾರ ಬೆಳಗ್ಗೆ ಅವರ ಮನೆಯ ಮುಂದೆ ಬೀದಿಯ ಅಷ್ಟೂ ಮಕ್ಕಳನ್ನು ಕೈಕಾಲೂರಿಸಿ ನಿಲ್ಲಿಸಿ, ಇವರನ್ನೂ ಮೂಕಪ್ರಾಣಿಗಳೆಂದು ಪರಿಗಣಿಸಿ ತಕ್ಕಡಿಗೆ ಹಾಕಿರೆಂದು ಕೈಮುಗಿದು ಕೇಳುತ್ತೇನೆ. ಬೊಗಳುವುದನ್ನು ನನ್ನ ಮಗಳು ಎಲ್ಲರಿಗೂ ಆಗಲೇ ಹೇಳಿಕೊಡುತ್ತಿದ್ದಾಳೆ, ಆಟವೆಂದು ತಿಳಿದಿದ್ದಾಳೆ ಪಾಪ. ಕೊರಳಪಟ್ಟಿಗಳ ಚಿಂತೆಯೂ ಬೇಡ; ಇಡೀ ಬೀದಿಯ ಮಕ್ಕಳ ಕತ್ತಿನ ಅಳತೆ ನನ್ನಲ್ಲಿದೆ, ಇಂದು ಸಂಜೆಯಿಂದಲೇ ಹೊಲಿಯಲು ಕೂರುತ್ತೇನೆ.